ಜನಮೆಚ್ಚುಗೆಯೂ ಪುರಸ್ಕಾರವೂ

1929ನೆಯ ಇಸವಿ ಮೇ ತಿಂಗಳ 16ನೆಯ ದಿನ ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ, ಹಾಲಿವುಡ್ ರೂಸ್‌ವೆಲ್ಟ್ ಎಂಬ ಹೋಟೆಲಿನಲ್ಲಿ, ಒಂದು ಔತಣ ಏರ್ಪಟ್ಟಿತ್ತು. ನೆರೆದವರು ಸುಮಾರು 270 ಮಂದಿ. ಬಹುಮಟ್ಟಿಗೆ ಎಲ್ಲರೂ ಚಲನಚಿತ್ರದ ಕಸುಬಿಗೆ ಸೇರಿದವರು. ಎರಡು ವರ್ಷಗಳ ಹಿಂದೆ, 1927ರಲ್ಲಿ, ಈ ಕಸುಬಿನ ಪ್ರಮುಖರು ಕೂಡಿ ಚಲನಚಿತ್ರ ಕಲೆ ಮತ್ತು ವಿಜ್ಞಾನಗಳ ಅಕಾಡೆಮಿ ಎಂಬ ಸಂಸ್ಥೆಯೊಂದನ್ನು ಕಟ್ಟಿಕೊಂಡಿದ್ದರು. ಆ ಸಂಸ್ಥೆಯ ಮೊದಲ ಪ್ರಶಸ್ತಿಗಳನ್ನು ಅಂದು ಹಂಚಲಾಯಿತು. ಹಂಚುವ ಕೆಲಸ ಹದಿನೈದು ನಿಮಿಷಗಳಲ್ಲಿ ಮುಗಿದುಹೋಯಿತು. ಇಂದು ಮೂರು ಗಂಟೆಗಳನ್ನೂ ಮೀರಿ ನಡೆಯುವ, ನೂರಾರು ದೇಶಗಳ ಜನ ದೂರದರ್ಶನದಲ್ಲಿ ನೋಡುವ ಆಸ್ಕರ್ ಪ್ರಶಸ್ತಿ ಸಮಾರಂಭದ ಹುಟ್ಟು ಇಷ್ಟು ಸರಳವಾದುದು.

ಆ ವರ್ಷ ಚಿತ್ರಗಳಿಗೆ ಸಲ್ಲುವ ಅತ್ಯುನ್ನತ ಗೌರವ ಒಂದಾಗಿರಲಿಲ್ಲ, ಎರಡಾಗಿತ್ತು. ಒಂದು, ವರ್ಷದ ಶ್ರೇಷ್ಠ ಚಿತ್ರಕ್ಕೆ; ಇನ್ನೊಂದು, ಅಪೂರ್ವವೂ ಕಲಾತ್ಮಕವೂ ಆದ ಚಿತ್ರಕ್ಕೆ. ಮೊದಲನೆಯದು ‘ವಿಂಗ್ಸ್’ ಎಂಬ ಚಿತ್ರಕ್ಕೆ ದೊರಕಿತು. ಮೊದಲನೆಯ ಮಹಾಯುದ್ಧದ ವಿಮಾನಚಾಲಕರ ಸಾಹಸಗಳನ್ನು ತೋರಿಸುವ ಆ ಚಿತ್ರವನ್ನು ನೋಡಲು ಜನ ಮುಗಿಬಿದ್ದಿದ್ದರು. ಎರಡನೆಯದು ಜರ್ಮನಿಯಿಂದ ಬಂದ ನಿರ್ದೇಶಕ ಮರ್ನೌ ರೂಪಿಸಿದ ‘ಸನ್‌ರೈಸ್’ ಚಿತ್ರಕ್ಕೆ. ಪಟ್ಟಣದ ಹೆಣ್ಣಿನ ಮೋಹಕ್ಕೆ ಸಿಲುಕಿದ ಹಳ್ಳಿಯ ರೈತನೊಬ್ಬ ತನ್ನ ಹೆಂಡತಿಯನ್ನು ಕೊಲ್ಲಲು ಹೊರಟು, ಕೊಲ್ಲಲಾರದೆ, ಪಶ್ಚಾತ್ತಾಪದಲ್ಲಿ ಬೆಂದು ಮತ್ತೆ ಅವಳ ಒಲವನ್ನು ಪಡೆಯುವ ಕಥೆ ಅದು. ಮರುವರ್ಷವೇ ಅಕಾಡೆಮಿ ಎರಡನೆಯ ಪ್ರಶಸ್ತಿಯನ್ನು ಕೈಬಿಟ್ಟಿತು. ಉಳಿದ ಒಂದೇ ಪ್ರಶಸ್ತಿಯ ಇತಿಹಾಸದಲ್ಲಿ ‘ವಿಂಗ್ಸ್’ ಮೊದಲನೆಯದೆಂದು ಎಣಿಸಲ್ಪಟ್ಟಿತು. ಆದರೆ 2012ರಲ್ಲಿ ‘ಸೈಟ್ ಅಂಡ್ ಸೌಂಡ್’ ಎಂಬ ಬ್ರಿಟಿಷ್ ಪತ್ರಿಕೆ ಲೋಕದ ವಿಮರ್ಶಕರ ಅಭಿಪ್ರಾಯವನ್ನು ಸಂಗ್ರಹಿಸಿ ಎಲ್ಲ ಕಾಲದ ಉತ್ತಮ ಚಿತ್ರಗಳ ಪಟ್ಟಿಯನ್ನು ಪ್ರಕಟಿಸಿದಾಗ ಐದನೆಯ ಸ್ಥಾನದಲ್ಲಿದ್ದುದು ‘ಸನ್‌ರೈಸ್’. ಮೊದಲ ಹತ್ತರಲ್ಲಿ ‘ವಿಂಗ್ಸ್’ ಹೆಸರಿರಲಿಲ್ಲ.

ಹೀಗೆ ಹುಟ್ಟಿದ ದಿನವೇ ಆಸ್ಕರ್ ಪ್ರಶಸ್ತಿ ಒಂದು ಪ್ರಶ್ನೆಯನ್ನು ಹೊತ್ತುಕೊಂಡು ಬಂದಿತು. ಬಹುಜನರು ಮೆಚ್ಚಿ ನೋಡಿದ ಚಿತ್ರಕ್ಕೆ, ಆ ಮೆಚ್ಚುಗೆಯ ಬಲದಿಂದಲೇ, ಅತ್ಯುನ್ನತ ಪ್ರಶಸ್ತಿಯ ಕಣದಲ್ಲಿ ಸ್ಥಾನ ಸಲ್ಲಬೇಕೆ? ಅಥವಾ ಜನಮೆಚ್ಚುಗೆ ಬೇರೆ, ಕಲೆಯ ಬೆಲೆ ಬೇರೆ ಎಂದು ಎರಡು ಮಣೆಗಳನ್ನು ಹಾಕಬೇಕೆ?

ಈ ಪ್ರಶ್ನೆಯನ್ನು ವಿಚಾರಿಸುವ ಮುನ್ನ ಪ್ರಶಸ್ತಿಯ ಕ್ರಮವನ್ನು ಅರಿಯುವುದು ಅವಶ್ಯ. ಆಸ್ಕರನ್ನು ಕೊಡುವವರು ಸರ್ಕಾರದವರಲ್ಲ, ವಿಮರ್ಶಕರಲ್ಲ, ಪ್ರೇಕ್ಷಕರೂ ಅಲ್ಲ; ಚಿತ್ರಗಳನ್ನು ತಯಾರಿಸುವ ಕಸುಬಿನವರೇ ಕೊಡುತ್ತಾರೆ. ಅಕಾಡೆಮಿಗೆ ಈಗ ಹತ್ತು ಸಾವಿರಕ್ಕೂ ಮಿಗಿಲಾದ ಸದಸ್ಯರಿದ್ದಾರೆ. ನಟರು, ನಿರ್ದೇಶಕರು, ಬರಹಗಾರರು, ಛಾಯಾಗ್ರಾಹಕರು, ಸಂಕಲನಕಾರರು ಎಂದು ಅವರು ಶಾಖೆಗಳಾಗಿ ಹಂಚಿಕೊಂಡಿದ್ದಾರೆ. ಆಯ್ಕೆ ನಡೆಯುವುದು ಎರಡು ಸುತ್ತುಗಳಲ್ಲಿ. ಮೊದಲ ಸುತ್ತಿನಲ್ಲಿ ಅಂತಿಮ ಸ್ಪರ್ಧೆಗೆ ಅರ್ಹವಾದ ಕೆಲವು ಹೆಸರುಗಳನ್ನು ಆರಿಸುತ್ತಾರೆ. ಇದಕ್ಕೇ ನಾಮನಿರ್ದೇಶನವೆಂದು ಹೆಸರು. ನಟರನ್ನು ನಟರು, ನಿರ್ದೇಶಕರನ್ನು ನಿರ್ದೇಶಕರು ಹೆಸರಿಸುವುದು ವಾಡಿಕೆ. ವರ್ಷದ ಅತ್ಯುತ್ತಮ ಚಿತ್ರಕ್ಕೆ ಮಾತ್ರ ಎಲ್ಲ ಶಾಖೆಯವರೂ ಹೆಸರು ಸೂಚಿಸುತ್ತಾರೆ. ಎರಡನೆಯ ಸುತ್ತಿನಲ್ಲಿ ಹೆಸರಿಸಲ್ಪಟ್ಟವುಗಳ ಪೈಕಿ ಗೆಲ್ಲತಕ್ಕುದು ಯಾವುದೆಂದು ಮತ ಹಾಕುತ್ತಾರೆ. ಗೆಲುವು ಒಂದಕ್ಕೇ ದೊರಕುವುದಾದರೂ ನಾಮನಿರ್ದೇಶನವೇ ಒಂದು ದೊಡ್ಡ ಗೌರವವೆಂದು ಚಿತ್ರರಂಗ ಭಾವಿಸುತ್ತದೆ. ‘ಆಸ್ಕರಿಗೆ ಹೆಸರಿಸಲ್ಪಟ್ಟ ಚಿತ್ರ’ ಎಂಬ ಒಂದು ಸಾಲು ಜಾಹೀರಾತಿನಲ್ಲಿ ಸೇರಿದರೆ ಸಾಕು, ಆ ಚಿತ್ರದ ಹಣೆಬರಹವೇ ಬದಲಾಗಬಹುದು.

ಇನ್ನು ‘ಬ್ಲಾಕ್‌ಬಸ್ಟರ್’ ಎಂಬ ಮಾತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಒಂದಿಡೀ ಕೇರಿಯನ್ನೇ ನೆಲಸಮ ಮಾಡಬಲ್ಲ ಭಾರಿ ಬಾಂಬುಗಳಿಗೆ ಪತ್ರಿಕೆಗಳು ಇಟ್ಟ ಹೆಸರು ಅದು. ಚಿತ್ರವ್ಯಾಪಾರಿಗಳು ಅದನ್ನು ಎತ್ತಿಕೊಂಡು ಅಪಾರ ಹಣ ಗಳಿಸುವ ಚಿತ್ರಕ್ಕೆ ಬಳಸಿದರು. ಕನ್ನಡದಲ್ಲಿ ಗಲ್ಲಾಪೆಟ್ಟಿಗೆಯನ್ನು ಸೂರೆಗೊಂಡ ಚಿತ್ರ ಎನ್ನುವುದುಂಟು. ಬಾಂಬು, ಸೂರೆ—ಎರಡೂ ಯುದ್ಧದ ಮಾತುಗಳೇ ಆಗಿರುವುದು ಸ್ವಾರಸ್ಯವಾಗಿದೆ.

ಬಹುಕಾಲ ಜನಮೆಚ್ಚುಗೆಗೂ ಆಸ್ಕರಿಗೂ ವೈರವಿರಲಿಲ್ಲ. 1939ರ ‘ಗಾನ್ ವಿತ್ ದ ವಿಂಡ್’ ಆ ಕಾಲದ ಎಲ್ಲ ಚಿತ್ರಗಳಿಗಿಂತ ಹೆಚ್ಚು ಜನರನ್ನು ಆಕರ್ಷಿಸಿತು. ಅತ್ಯುತ್ತಮ ಚಿತ್ರವೆಂಬ ಪ್ರಶಸ್ತಿಯೂ ಅದಕ್ಕೇ ಬಂದಿತು. 1959ರ ‘ಬೆನ್‌ಹರ್’ 11 ಪ್ರಶಸ್ತಿಗಳನ್ನು ಗಳಿಸಿತು. 1965ರ ‘ದ ಸೌಂಡ್ ಆಫ್ ಮ್ಯೂಸಿಕ್’, 1972ರ ‘ದ ಗಾಡ್‌ಫಾದರ್’ ಇವೆರಡೂ ಟಿಕೆಟು ಕೊಳ್ಳುವ ಸಾಲಿನಲ್ಲಿಯೂ ಅಕಾಡೆಮಿಯ ಪಟ್ಟಿಯಲ್ಲಿಯೂ ಅಗ್ರಸ್ಥಾನ ಪಡೆದುವು. ಆದರೆ ಜನರೂ ಅಕಾಡೆಮಿಯೂ ಒಮ್ಮತಕ್ಕೆ ಬಂದ ಮಾತ್ರಕ್ಕೆ ತೀರ್ಪು ನಿರ್ದುಷ್ಟವಾದುದೆಂದು ಹೇಳಲಾಗದು. ‘ಗಾನ್ ವಿತ್ ದ ವಿಂಡ್’ ಅಮೆರಿಕದ ದಕ್ಷಿಣ ಸೀಮೆಯ ಗುಲಾಮಗಿರಿಯನ್ನು ಮನೋಹರವಾದ ಗತವೈಭವವೆಂಬಂತೆ ಚಿತ್ರಿಸಿತು. ಅದರಲ್ಲಿ ನಟಿಸಿದ ಹ್ಯಾಟಿ ಮೆಕ್‌ಡೇನಿಯಲ್ ಆಸ್ಕರ್ ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಕಲಾವಿದೆ. 1940ರ ಆ ಸಮಾರಂಭದಲ್ಲಿ ಆಕೆಯನ್ನು ಸಹನಟರ ಪಂಕ್ತಿಯಲ್ಲಿ ಕೂರಿಸದೆ ದೂರದ ಬೇರೊಂದು ಮೇಜಿನ ಬಳಿ ಕೂರಿಸಿದ್ದರು. ಪಂಕ್ತಿಭೇದ ನಮ್ಮಲ್ಲಿ ಮಾತ್ರ ಇತ್ತೆಂದು ತಿಳಿಯಬೇಕಾಗಿಲ್ಲ.

ಮನಸ್ತಾಪ ಕಾಣಿಸಿಕೊಂಡುದು 1975ರಿಂದೀಚೆಗೆ. ಅಲ್ಲಿಯವರೆಗೆ ದೊಡ್ಡ ಚಿತ್ರವೊಂದು ಮೊದಲು ಮಹಾನಗರಗಳ ಕೆಲವೇ ಚಿತ್ರಮಂದಿರಗಳಲ್ಲಿ ತೆರೆಕಂಡು, ಹೆಸರು ಮಾಡಿ, ಬಳಿಕ ಸಣ್ಣ ಊರುಗಳಿಗೆ ಇಳಿಯುತ್ತಿತ್ತು. ಕರ್ನಾಟಕದಲ್ಲಿಯೂ ಬೆಂಗಳೂರಿನಲ್ಲಿ ನೂರು ದಿನ ಓಡಿದ ಚಿತ್ರ ಹಳ್ಳಿಯ ಟೂರಿಂಗ್ ಟಾಕೀಸಿನ ಗುಡಾರವನ್ನು ತಲಪುವ ಹೊತ್ತಿಗೆ ರೀಲುಗಳು ಸವೆದು ಗೀರುಬಿದ್ದಿರುತ್ತಿದ್ದುದನ್ನು ಹಿರಿಯರು ಬಲ್ಲರು. ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶಿಸಿದ ‘ಜಾಸ್’ ಈ ಪದ್ಧತಿಯನ್ನು ಮುರಿಯಿತು. ಸಮುದ್ರತೀರದ ಊರನ್ನು ಕಾಡುವ ಶಾರ್ಕ್ ಮೀನಿನ ಕಥೆಯುಳ್ಳ ಆ ಚಿತ್ರವನ್ನು 1975ರ ಜೂನ್ ತಿಂಗಳಲ್ಲಿ ನಾನೂರಕ್ಕೂ ಹೆಚ್ಚು ಚಿತ್ರಮಂದಿರಗಳಲ್ಲಿ ಒಮ್ಮೆಗೇ ಬಿಡುಗಡೆ ಮಾಡಲಾಯಿತು. ದೂರದರ್ಶನದಲ್ಲಿ ಜಾಹೀರಾತುಗಳ ಸುರಿಮಳೆಯೇ ಆಯಿತು. ಬಂದ ಹಣ ಹಿಂದಿನ ಲೆಕ್ಕಗಳನ್ನೆಲ್ಲ ತಲೆಕೆಳಗು ಮಾಡಿತು. ಅತ್ಯುತ್ತಮ ಚಿತ್ರದ ಕಣದಲ್ಲಿ ‘ಜಾಸ್’ ಹೆಸರು ಸೇರಿತಾದರೂ ನಿರ್ದೇಶಕರ ಪಟ್ಟಿಯಲ್ಲಿ ಸ್ಪೀಲ್‌ಬರ್ಗ್ ಹೆಸರಿರಲಿಲ್ಲ. ಸಂಕಲನ, ಸಂಗೀತ, ಧ್ವನಿ—ಈ ಮೂರಕ್ಕೆ ಅದು ಪ್ರಶಸ್ತಿ ಪಡೆಯಿತು. ಎರಡು ವರ್ಷಗಳ ಮೇಲೆ ಬಂದ ‘ಸ್ಟಾರ್ ವಾರ್ಸ್’ ಚಿತ್ರದ ಕಥೆಯೂ ಇದೇ. ಅದು 10 ನಾಮನಿರ್ದೇಶನಗಳನ್ನು ಪಡೆದು 6ರಲ್ಲಿ ಗೆದ್ದಿತು. ಅತ್ಯುತ್ತಮ ಚಿತ್ರದ ಪ್ರಶಸ್ತಿ ಮಾತ್ರ ‘ಆನಿ ಹಾಲ್’ ಎಂಬ ನಗರಜೀವನದ ವಿನೋದಚಿತ್ರಕ್ಕೆ ಸಂದಿತು. ಈ ಕ್ರಮವನ್ನು ಗಮನಿಸಬೇಕು. ಕಟ್ಟಡದ ಕಲ್ಲುಕೆಲಸವನ್ನೂ ಮರಗೆಲಸವನ್ನೂ ಮನಸಾರೆ ಹೊಗಳಿ, ಕಟ್ಟಡ ಮಾತ್ರ ವಾಸಕ್ಕೆ ತಕ್ಕುದಲ್ಲವೆಂದು ಹೇಳಿದಂತೆ ಅಕಾಡೆಮಿ ಜನಪ್ರಿಯ ಚಿತ್ರಗಳ ಕೈಗೆಲಸವನ್ನು ಪುರಸ್ಕರಿಸಿ ಕೃತಿಯನ್ನು ಬದಿಗಿರಿಸತೊಡಗಿತು.

ಭಾರತೀಯರ ಪಾಲಿಗೆ ಈ ಚರ್ಚೆಯ ಅತ್ಯಂತ ಸ್ವಾರಸ್ಯಕರವಾದ ಅಧ್ಯಾಯ 1982ರದು. ಆ ವರ್ಷ ಸ್ಪೀಲ್‌ಬರ್ಗರ ‘ಇ.ಟಿ.’ ಎಂಬ ಚಿತ್ರ ಲೋಕದ ಮಕ್ಕಳನ್ನೂ ಮುದುಕರನ್ನೂ ಒಂದೇ ಸಮನೆ ಸೆಳೆಯಿತು. ಬೇರೊಂದು ಗ್ರಹದಿಂದ ಬಂದು ಭೂಮಿಯಲ್ಲಿ ಒಂಟಿಯಾದ ಜೀವಿಗೂ ತಂದೆ ದೂರವಾದ ಹುಡುಗನೊಬ್ಬನಿಗೂ ಬೆಳೆಯುವ ಗೆಳೆತನ ಅದರ ವಸ್ತು. ಅಲ್ಲಿಯವರೆಗಿನ ಚಿತ್ರಗಳಲ್ಲಿ ಅತ್ಯಧಿಕ ಹಣ ಗಳಿಸಿದ ಕೀರ್ತಿ ಅದಕ್ಕೆ ಸಂದಿತು. ಅದಕ್ಕೆ ಎದುರಾಗಿ ನಿಂತುದು ರಿಚರ್ಡ್ ಆಟನ್‌ಬರೋ ನಿರ್ದೇಶನದ ‘ಗಾಂಧಿ’. ಮಹಾತ್ಮರ ಅಂತ್ಯಯಾತ್ರೆಯ ದೃಶ್ಯಕ್ಕಾಗಿ ದೆಹಲಿಯಲ್ಲಿ ಸುಮಾರು ಮೂರು ಲಕ್ಷ ಜನ ನೆರೆದಿದ್ದರು. ‘ಗಾಂಧಿ’ 11 ನಾಮನಿರ್ದೇಶನಗಳನ್ನು ಪಡೆದು 8 ಪ್ರಶಸ್ತಿಗಳನ್ನು ಗೆದ್ದಿತು. ಅದರ ವಸ್ತ್ರವಿನ್ಯಾಸಕ್ಕಾಗಿ ಭಾನು ಅಥೈಯಾ ಆಸ್ಕರ್ ಪಡೆದ ಮೊದಲ ಭಾರತೀಯರಾದರು. ‘ಇ.ಟಿ.’ಗೆ ಧ್ವನಿ, ಸಂಗೀತ ಮೊದಲಾದ 4 ಪ್ರಶಸ್ತಿಗಳು ದೊರೆತುವು. ಭಾರತೀಯರಿಗೆ ಇದು ಸಂತೋಷದ ಸಂಗತಿ. ಆದರೂ ‘ಇ.ಟಿ.’ಯೇ ಗೆಲ್ಲಬೇಕಿತ್ತೆಂದು ಮುಂದೆ ಆಟನ್‌ಬರೋ ಅವರೇ ಹೇಳಿದರೆಂಬುದು ಮನನೀಯ. ಮಹಾಪುರುಷನ ಚರಿತ್ರೆಯೆಂಬ ವಸ್ತುಗೌರವವೇ ಕೃತಿಗೌರವವಾಗಿಬಿಡುವ ಅಪಾಯ ಆಸ್ಕರಿನಲ್ಲಿ ಸದಾ ಇದೆ. ಮಕ್ಕಳ ಕಲ್ಪನೆ, ನಗೆ, ಭಯ, ಮಾಯಾಲೋಕ—ಇವು ಹಗುರವಾದ ವಸ್ತುಗಳೆಂದೂ ಯುದ್ಧ, ರೋಗ, ರಾಜಕೀಯ ಇವು ತೂಕವುಳ್ಳವೆಂದೂ ಮತದಾರರು ತಮಗರಿವಿಲ್ಲದೆಯೇ ನಂಬಿರುತ್ತಾರೆ. ಚಿತ್ರಿಸಿದ ಬೊಂಬೆಗಳ ಚಿತ್ರವೊಂದು ಅತ್ಯುತ್ತಮ ಚಿತ್ರದ ಕಣಕ್ಕೆ ಬರಲು 1991ರ ‘ಬ್ಯೂಟಿ ಅಂಡ್ ದ ಬೀಸ್ಟ್’ ವರೆಗೆ ಕಾಯಬೇಕಾಯಿತು. ಮಾಯಾಲೋಕದ ಕಥೆಯೊಂದು ಮೊದಲ ಬಾರಿಗೆ ಆ ಪ್ರಶಸ್ತಿಯನ್ನು ಗೆದ್ದುದು 2003ರ ‘ದ ರಿಟರ್ನ್ ಆಫ್ ದ ಕಿಂಗ್’ ಮೂಲಕ. ಹೆಸರಿಸಲ್ಪಟ್ಟ ಹನ್ನೊಂದು ವಿಭಾಗಗಳಲ್ಲಿಯೂ ಅದು ಗೆದ್ದಿತು.

ಜನಪ್ರಿಯ ಚಿತ್ರಗಳ ಪರವಾಗಿ ವಾದಿಸುವವರಿಗೆ ಇಷ್ಟು ಸಾಕ್ಷ್ಯ ಸಾಲದೆ? ಸಾಲದು. ಎದುರು ಪಕ್ಷದವರ ಕೈಯಲ್ಲಿಯೂ ಬಲವಾದ ನಿದರ್ಶನಗಳಿವೆ. 1952ರಲ್ಲಿ ಅತ್ಯುತ್ತಮ ಚಿತ್ರವೆನಿಸಿದುದು ಸರ್ಕಸ್ ಕಂಪನಿಯೊಂದರ ಕಥೆಯಾದ ‘ದ ಗ್ರೇಟೆಸ್ಟ್ ಷೋ ಆನ್ ಅರ್ತ್’. ಜನ ಅದನ್ನು ಮೆಚ್ಚಿ ನೋಡಿದ್ದರು. ಇಂದು ಅದನ್ನು ಪ್ರಶಸ್ತಿ ಪಡೆದ ದುರ್ಬಲ ಚಿತ್ರಗಳ ಸಾಲಿನಲ್ಲಿ ಎಣಿಸುವವರೇ ಹೆಚ್ಚು. ಅದೇ ವರ್ಷದ ‘ಸಿಂಗಿಂಗ್ ಇನ್ ದ ರೇನ್’, ಹಾಡು ಕುಣಿತಗಳ ಚಿತ್ರಗಳಲ್ಲೇ ಶ್ರೇಷ್ಠವೆಂದು ಈಗ ಮನ್ನಣೆ ಪಡೆದಿರುವ ಕೃತಿ, ಕೇವಲ ಎರಡು ನಾಮನಿರ್ದೇಶನಗಳನ್ನು ಪಡೆದು ಬರಿಗೈಯಲ್ಲಿ ಮರಳಿತು. ಹಾಗೆಯೇ ನಾಮನಿರ್ದೇಶನವನ್ನು ಜನರೂ ಕೊಡದೆ, ಗುಣವೂ ಕೊಡದೆ, ಹಣವೇ ಕೊಡಿಸಿದ ಸಂದರ್ಭಗಳುಂಟು. 1967ರ ‘ಡಾಕ್ಟರ್ ಡೂಲಿಟ್ಲ್’ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. ವಿಮರ್ಶಕರು ಅದನ್ನು ಹೊಗಳಲಿಲ್ಲ. ಆದರೆ ತಯಾರಕರು ಅಕಾಡೆಮಿಯ ಸದಸ್ಯರಿಗೆ ಪ್ರದರ್ಶನಗಳನ್ನೂ ಔತಣಗಳನ್ನೂ ಏರ್ಪಡಿಸಿದರು. ಚಿತ್ರ 9 ನಾಮನಿರ್ದೇಶನಗಳನ್ನು ಪಡೆಯಿತು. ಅವುಗಳಲ್ಲಿ ಅತ್ಯುತ್ತಮ ಚಿತ್ರದ್ದೂ ಒಂದು!

ಇದಕ್ಕಿಂತ ಗಂಭೀರವಾದ ಆಕ್ಷೇಪಣೆ ಇನ್ನೊಂದಿದೆ. ಕೋಟಿಗಟ್ಟಲೆ ಜನ ನೋಡಿದ ಚಿತ್ರಕ್ಕೆ ನಾಮನಿರ್ದೇಶನದಿಂದ ಹೊಸದಾಗಿ ಆಗಬೇಕಾದುದೇನು? ಉಂಡವನಿಗೆ ಮತ್ತೆ ಉಣಬಡಿಸಿದಂತೆ. ಸಣ್ಣ ಚಿತ್ರಕ್ಕಾದರೋ ಅದು ಜೀವನ್ಮರಣದ ಪ್ರಶ್ನೆ. 2008ರಲ್ಲಿ ನಡೆದ ಸಂಗತಿ ಇದನ್ನು ಚೆನ್ನಾಗಿ ತೋರಿಸುತ್ತದೆ. ಮುಂಬಯಿಯ ಕೊಳೆಗೇರಿಯ ಹುಡುಗನ ಕಥೆಯಾದ ‘ಸ್ಲಂಡಾಗ್ ಮಿಲಿಯನೇರ್’ ಸಿದ್ಧವಾಗುವ ಹೊತ್ತಿಗೆ ಅದನ್ನು ಅಮೆರಿಕದಲ್ಲಿ ಹಂಚಬೇಕಾಗಿದ್ದ ಸಂಸ್ಥೆಯೇ ಮುಚ್ಚಿಹೋಗಿತ್ತು. ಚಿತ್ರಮಂದಿರದ ಮುಖವನ್ನೇ ಕಾಣದೆ ನೇರವಾಗಿ ಡಿವಿಡಿಯ ಪಾಲಾಗುವ ಭಯ ಅದಕ್ಕಿತ್ತು. ಬೇರೊಬ್ಬ ಹಂಚಿಕೆದಾರರು ಮುಂದೆ ಬಂದು ನವೆಂಬರಿನಲ್ಲಿ ಕೆಲವೇ ಚಿತ್ರಮಂದಿರಗಳಲ್ಲಿ ಅದನ್ನು ತೆರೆಗೆ ತಂದರು. ಪ್ರಶಸ್ತಿಗಳ ಸುದ್ದಿ ಹರಡಿದಂತೆ ಮಂದಿರಗಳ ಸಂಖ್ಯೆ ಬೆಳೆಯಿತು. ಕೊನೆಗೆ ಅಮೆರಿಕವೊಂದರಲ್ಲಿಯೇ ಅದು ಸುಮಾರು 14 ಕೋಟಿ ಡಾಲರ್ ಗಳಿಸಿತು. 8 ಆಸ್ಕರುಗಳನ್ನು ಗೆದ್ದ ಆ ಚಿತ್ರದಿಂದ ಎ. ಆರ್. ರೆಹಮಾನ್, ಗುಲ್ಜಾರ್, ರಸೂಲ್ ಪೂಕುಟ್ಟಿ ಇವರ ಹೆಸರುಗಳು ಲೋಕಕ್ಕೆಲ್ಲ ತಿಳಿದುವು. ಅಂಥ ಚಿತ್ರದ ಮಣೆಯನ್ನು ಬ್ಲಾಕ್‌ಬಸ್ಟರಿಗೆ ಬಿಟ್ಟುಕೊಡುವುದು ನ್ಯಾಯವೆ?

ಕುತೂಹಲದ ಸಂಗತಿಯೆಂದರೆ, ಅದೇ ವರ್ಷ ಮಣೆ ದೊರೆಯದೆ ಹೋದ ಬ್ಲಾಕ್‌ಬಸ್ಟರೇ ಈ ವಿವಾದದ ಅತಿ ಪ್ರಸಿದ್ಧ ನಿದರ್ಶನವಾಯಿತು. ಕ್ರಿಸ್ಟೋಫರ್ ನೋಲನ್ ನಿರ್ದೇಶಿಸಿದ ‘ದ ಡಾರ್ಕ್ ನೈಟ್’ ಬಾವಲಿಯ ವೇಷ ಧರಿಸಿದ ವೀರನ ಕಥೆ. ಲೋಕಾದ್ಯಂತ ನೂರು ಕೋಟಿ ಡಾಲರಿಗೂ ಹೆಚ್ಚು ಗಳಿಸಿದ ಅದನ್ನು ವಿಮರ್ಶಕರೂ ಮೆಚ್ಚಿದ್ದರು. ಅರಾಜಕತೆಯನ್ನು ಎದುರಿಸಲು ಹೊರಟವನು ತಾನೇ ಕಾನೂನನ್ನು ಮುರಿಯಬಹುದೆ ಎಂಬ ಕಠಿಣ ಪ್ರಶ್ನೆಯನ್ನು ಅದು ಕೇಳಿತ್ತು. 8 ನಾಮನಿರ್ದೇಶನಗಳು ಬಂದುವು. ಖಳನ ಪಾತ್ರ ವಹಿಸಿ, ಪ್ರಶಸ್ತಿಗೆ ಮುನ್ನವೇ ತೀರಿಕೊಂಡಿದ್ದ ಹೀತ್ ಲೆಜರ್‌ಗೆ ಮರಣೋತ್ತರವಾಗಿ ಆಸ್ಕರ್ ಸಂದಿತು. ಅತ್ಯುತ್ತಮ ಚಿತ್ರದ ಐದರ ಪಟ್ಟಿಯಲ್ಲಿ ಮಾತ್ರ ಹೆಸರಿರಲಿಲ್ಲ. ಅಸಮಾಧಾನ ಎಷ್ಟೆದ್ದಿತೆಂದರೆ 2009ರ ಜೂನ್ ತಿಂಗಳಲ್ಲಿ ಅಕಾಡೆಮಿ ಆ ಪಟ್ಟಿಯನ್ನು ಐದರಿಂದ ಹತ್ತಕ್ಕೆ ವಿಸ್ತರಿಸಿತು. ಇದು ಹೊಸತೇನೂ ಆಗಿರಲಿಲ್ಲ. 1944ಕ್ಕೆ ಮೊದಲು ಹತ್ತು, ಒಮ್ಮೊಮ್ಮೆ ಹನ್ನೆರಡು ಚಿತ್ರಗಳು ಕಣದಲ್ಲಿರುತ್ತಿದ್ದುವು.

ಮಣೆಗಳು ಹೆಚ್ಚಿದಾಗ ಅವುಗಳ ಮೇಲೆ ಕುಳಿತವರು ಯಾರು ಎಂಬುದನ್ನು ನೋಡಬೇಕು. ಮೊದಲ ವರ್ಷವೇ ‘ಅವತಾರ್’ ಬಂದಿತು. ಮೊದಲ ಬಿಡುಗಡೆಯಲ್ಲಿಯೇ ಸುಮಾರು 270 ಕೋಟಿ ಡಾಲರ್ ಗಳಿಸಿದ ಚಿತ್ರ ಅದು. ‘ಅಪ್’ ಎಂಬ ಬೊಂಬೆಚಿತ್ರ ಬಂದಿತು. ಅವುಗಳ ಜೊತೆಯಲ್ಲಿಯೇ, ಐದೇ ಮಣೆಗಳಿದ್ದ ಕಾಲದಲ್ಲಿ ಹೊರಗುಳಿಯಬಹುದಾಗಿದ್ದ ಪುಟ್ಟ ಚಿತ್ರಗಳೂ ಬಂದುವು. ಕೊನೆಗೆ ಗೆದ್ದುದು ಇರಾಕಿನ ಯುದ್ಧದಲ್ಲಿ ಬಾಂಬುಗಳನ್ನು ನಿಷ್ಕ್ರಿಯಗೊಳಿಸುವ ಸೈನಿಕರನ್ನು ಕುರಿತ ‘ದ ಹರ್ಟ್ ಲಾಕರ್’. ಅಮೆರಿಕದಲ್ಲಿ ಅದರ ಒಟ್ಟು ಗಳಿಕೆ ಸುಮಾರು 1 ಕೋಟಿ 70 ಲಕ್ಷ ಡಾಲರ್ ಮಾತ್ರ. ಅದರ ನಿರ್ದೇಶಕಿ ಕ್ಯಾಥರಿನ್ ಬಿಗೆಲೋ ನಿರ್ದೇಶನಕ್ಕಾಗಿ ಆಸ್ಕರ್ ಪಡೆದ ಮೊದಲ ಮಹಿಳೆ. ದೊಡ್ಡ ಚಿತ್ರವನ್ನು ಕಣಕ್ಕೆ ಬಿಟ್ಟುಕೊಂಡರೆ ಸಣ್ಣದು ನುಚ್ಚುನೂರಾಗುವುದೆಂಬ ಭಯ ಅಂದು ಸುಳ್ಳಾಯಿತು.

ಇದರಲ್ಲಿ ಮತ ಎಣಿಸುವ ವಿಧಾನದ ಪಾತ್ರವೂ ಇದೆ. ಹತ್ತು ಚಿತ್ರಗಳಿರುವಾಗ ಹತ್ತರಲ್ಲಿ ಒಂದೂವರೆ ಪಾಲು ಮತ ಪಡೆದ ಚಿತ್ರವೂ ಗೆದ್ದುಬಿಡಬಹುದು. ಆದುದರಿಂದ 2009ರಿಂದ ಸದಸ್ಯರು ಅತ್ಯುತ್ತಮ ಚಿತ್ರದ ವಿಭಾಗದಲ್ಲಿ ತಮ್ಮ ಮೆಚ್ಚಿಗೆಯ ಕ್ರಮದಲ್ಲಿ ಒಂದು, ಎರಡು, ಮೂರು ಎಂದು ಅಂಕೆ ಹಾಕಿ ಮತ ನೀಡುತ್ತಾರೆ. ಯಾವ ಚಿತ್ರಕ್ಕೂ ಅರ್ಧಕ್ಕಿಂತ ಹೆಚ್ಚು ಮತ ಬಾರದಿದ್ದಲ್ಲಿ ಅತಿ ಕಡಿಮೆ ಮತ ಪಡೆದುದನ್ನು ತೆಗೆದುಹಾಕಿ, ಅದರ ಮತಗಳನ್ನು ಆಯಾ ಮತಪತ್ರದ ಮುಂದಿನ ಆಯ್ಕೆಗೆ ವರ್ಗಾಯಿಸುತ್ತಾರೆ. ಭಾರತದ ರಾಷ್ಟ್ರಪತಿಯ ಚುನಾವಣೆಯಲ್ಲಿಯೂ ಇಂಥದೇ ಕ್ರಮವಿದೆ, 1969ರಲ್ಲಿ ವಿ. ವಿ. ಗಿರಿಯವರು ಎರಡನೆಯ ಪ್ರಾಶಸ್ತ್ಯದ ಮತಗಳನ್ನು ಎಣಿಸಿದ ಮೇಲೆಯೇ ಗೆದ್ದರು. ಈ ಕ್ರಮದಲ್ಲಿ ಕೆಲವರ ಅತಿಯಾದ ಅಭಿಮಾನಕ್ಕಿಂತ ಬಹುಮಂದಿಯ ಸಾಧಾರಣ ಒಲವು ಹೆಚ್ಚು ಫಲ ಕೊಡುತ್ತದೆ.

ಸಮಸ್ಯೆ ಅಲ್ಲಿಗೇ ತೀರಲಿಲ್ಲ. ಆಸ್ಕರ್ ಸಮಾರಂಭವನ್ನು ದೂರದರ್ಶನದಲ್ಲಿ ನೋಡುವವರ ಸಂಖ್ಯೆ ಇಳಿಯುತ್ತ ಬಂದಿತು. ‘ಟೈಟಾನಿಕ್’ 11 ಪ್ರಶಸ್ತಿಗಳನ್ನು ಗೆದ್ದ 1998ರ ಸಮಾರಂಭವನ್ನು ಅಮೆರಿಕದಲ್ಲಿ ಸುಮಾರು 5 ಕೋಟಿ 50 ಲಕ್ಷ ಜನ ನೋಡಿದ್ದರು. 2018ರಲ್ಲಿ ನೋಡಿದವರು ಸುಮಾರು 2 ಕೋಟಿ 65 ಲಕ್ಷ ಮಾತ್ರ. ತಾವು ನೋಡದ ಚಿತ್ರಗಳಿಗೆ ಸಲ್ಲುವ ಪ್ರಶಸ್ತಿಯಲ್ಲಿ ಜನರಿಗೆ ಆಸಕ್ತಿಯಿರದೆಂದು ಬಗೆದು ಅಕಾಡೆಮಿ ಆ ವರ್ಷದ ಆಗಸ್ಟಿನಲ್ಲಿ ಹೊಸ ಪ್ರಶಸ್ತಿಯೊಂದನ್ನು ಸಾರಿತು: ಜನಪ್ರಿಯ ಚಿತ್ರದ ಸಾಧನೆಗೆ ಪ್ರತ್ಯೇಕ ಆಸ್ಕರ್. 1929ರ ಎರಡು ಮಣೆಗಳು ಮತ್ತೆ ಪ್ರತ್ಯಕ್ಷವಾದುವು. ಆದರೆ ಈ ಸಲ ಕೆಳಗಿನ ಮಣೆ ಜನಪ್ರಿಯ ಚಿತ್ರಕ್ಕೆ.

ವಿರೋಧ ಎಲ್ಲ ಕಡೆಗಳಿಂದಲೂ ಬಂದಿತು. ಜನಪ್ರಿಯವೆಂದರೆ ಏನು, ಅದನ್ನು ಹಣದಿಂದ ಅಳೆಯಬೇಕೆ, ಎಷ್ಟು ಹಣದಿಂದ ಎಂಬುದನ್ನು ಅಕಾಡೆಮಿಯೇ ವಿವರಿಸಿರಲಿಲ್ಲ. ಆ ವರ್ಷ ಲೋಕವನ್ನು ಬೆರಗುಗೊಳಿಸಿದ್ದ ಚಿತ್ರ ರಯಾನ್ ಕೂಗ್ಲರ್ ನಿರ್ದೇಶನದ ‘ಬ್ಲ್ಯಾಕ್ ಪ್ಯಾಂಥರ್’. ಆಫ್ರಿಕದ ಕಲ್ಪಿತ ರಾಜ್ಯವೊಂದರ ಕಥೆ, ಬಹುಪಾಲು ಕಪ್ಪು ಜನಾಂಗದ ಕಲಾವಿದರು ನಟಿಸಿದುದು. ಹೊಸ ಪ್ರಶಸ್ತಿ ಬಂದರೆ ಅದನ್ನು ಅಲ್ಲಿಗೆ ಕಳುಹಿಸಿ, ನಿಜವಾದ ಕಣದಿಂದ ಮರ್ಯಾದೆಯಾಗಿ ಹೊರಗಿಡುವರೆಂಬ ಶಂಕೆ ಹಲವರಲ್ಲಿ ಮೂಡಿತು. ಹ್ಯಾಟಿ ಮೆಕ್‌ಡೇನಿಯಲ್ ಕುಳಿತ ಬೇರೆ ಮೇಜಿನ ಕಥೆ ತಿಳಿದವರಿಗೆ ಈ ಶಂಕೆ ಅರ್ಥವಾಗದಿರದು. ಒಂದು ತಿಂಗಳು ತುಂಬುವ ಮೊದಲೇ, ಸೆಪ್ಟೆಂಬರ್ 6ರಂದು, ಅಕಾಡೆಮಿ ಆ ಯೋಚನೆಯನ್ನು ಮುಂದಕ್ಕೆ ಹಾಕಿತು. ‘ಬ್ಲ್ಯಾಕ್ ಪ್ಯಾಂಥರ್’ ಅತ್ಯುತ್ತಮ ಚಿತ್ರದ ಕಣದಲ್ಲಿಯೇ ಸ್ಥಾನ ಪಡೆಯಿತು. ಆ ಗೌರವ ಪಡೆದ ಮೊದಲ ಅತಿಮಾನವ ವೀರನ ಚಿತ್ರ ಅದು. ವಸ್ತ್ರವಿನ್ಯಾಸಕ್ಕಾಗಿ ರೂತ್ ಕಾರ್ಟರ್, ದೃಶ್ಯವಿನ್ಯಾಸಕ್ಕಾಗಿ ಹ್ಯಾನಾ ಬೀಚ್ಲರ್ ಪ್ರಶಸ್ತಿ ಪಡೆದರು. ಆ ವಿಭಾಗಗಳಲ್ಲಿ ಗೆದ್ದ ಮೊದಲ ಆಫ್ರಿಕನ್ ಅಮೆರಿಕನ್ನರು ಅವರು.

ಪ್ರತ್ಯೇಕ ಮಣೆಯ ವಿಚಾರದಲ್ಲಿ ಭಾರತದ ಅನುಭವ ಬೇರೆ ಬಗೆಯದು. 1954ರಲ್ಲಿ ಆರಂಭವಾದ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ನಾಮನಿರ್ದೇಶನವಿಲ್ಲ. ತೀರ್ಪುಗಾರರ ಮಂಡಲಿಯೊಂದು ಚಿತ್ರಗಳನ್ನು ನೋಡಿ ನಿರ್ಣಯಿಸುತ್ತದೆ. ಸದಭಿರುಚಿಯ ಮನರಂಜನೆ ನೀಡುವ ಜನಪ್ರಿಯ ಚಿತ್ರಕ್ಕೆಂದು ಬೇರೆಯೇ ಪ್ರಶಸ್ತಿಯೊಂದು 1975ರ ಚಿತ್ರಗಳಿಂದ ಮೊದಲಾಯಿತು. ಅದೇ ವರ್ಷ ಅತ್ಯುತ್ತಮ ಚಿತ್ರದ ಸ್ವರ್ಣಕಮಲ ಕನ್ನಡಕ್ಕೆ ಬಂದಿತು. ಶಿವರಾಮ ಕಾರಂತರ ಕಾದಂಬರಿಯನ್ನು ಆಧರಿಸಿ ಬಿ. ವಿ. ಕಾರಂತರು ನಿರ್ದೇಶಿಸಿದ ‘ಚೋಮನ ದುಡಿ’ ಆ ಗೌರವವನ್ನು ಪಡೆಯಿತು. ಚೋಮನಾಗಿ ನಟಿಸಿದ ಎಂ. ವಿ. ವಾಸುದೇವರಾವ್ ಶ್ರೇಷ್ಠ ನಟರೆನಿಸಿದರು. ಗಲ್ಲಾಪೆಟ್ಟಿಗೆಯೊಂದನ್ನೇ ನಂಬಿದ್ದರೆ ಉಳುವ ನೆಲಕ್ಕಾಗಿ ಹಂಬಲಿಸುವ ಚೋಮನಿಗೆ ದೇಶದ ಮನ್ನಣೆ ದೊರೆಯುವುದು ಸುಲಭವಿರಲಿಲ್ಲ. ಹತ್ತಾರು ಭಾಷೆಗಳ ಸಣ್ಣ ಚಿತ್ರಗಳು ಹಿಂದಿಯ ಭಾರಿ ಚಿತ್ರಗಳ ನಡುವೆ ಉಸಿರಾಡಬೇಕಾದ ದೇಶದಲ್ಲಿ ಪ್ರತ್ಯೇಕ ಮಣೆಗೆ ಒಂದು ಸಮರ್ಥನೆಯಿದೆ. ಆದರೆ ಆ ಮಣೆ ಗೋಡೆಯಾಗಿ ನಿಂತಿಲ್ಲವೆಂಬುದನ್ನೂ ನೋಡಬೇಕು. 2015ರಲ್ಲಿ ಅತ್ಯುತ್ತಮ ಚಿತ್ರವೆನಿಸಿದುದು ತೆಲುಗಿನ ‘ಬಾಹುಬಲಿ’. ಗಳಿಕೆಯಲ್ಲಿ ಅದಕ್ಕೆ ಸಮಾನವಾದವು ಆ ಕಾಲದಲ್ಲಿ ಕೆಲವೇ. 2022ರ ಕನ್ನಡದ ‘ಕಾಂತಾರ’ಕ್ಕೆ ಜನಪ್ರಿಯ ಚಿತ್ರದ ಪ್ರಶಸ್ತಿಯೂ, ಅದರಲ್ಲಿ ನಟಿಸಿದ ರಿಷಬ್ ಶೆಟ್ಟಿಯವರಿಗೆ ಶ್ರೇಷ್ಠ ನಟ ಪ್ರಶಸ್ತಿಯೂ ಒಟ್ಟಿಗೇ ಬಂದುವು. ಕರಾವಳಿಯ ಭೂತಾರಾಧನೆಯ ಆವೇಶವನ್ನು ತೆರೆಗೆ ತಂದ ಆ ನಟನೆಯನ್ನು, ಜನ ಮುಗಿಬಿದ್ದರೆಂಬ ಕಾರಣಕ್ಕೆ ತೀರ್ಪುಗಾರರು ಕೀಳೆಂದು ಬಗೆಯಲಿಲ್ಲ.

ಆಸ್ಕರಿನಲ್ಲಿ ಹೊರದೇಶಗಳ ಚಿತ್ರಗಳಿಗೆಂದೇ ಇರುವ ವಿಭಾಗದ ಅಂತಿಮ ಪಟ್ಟಿಯನ್ನು ಈವರೆಗೆ ತಲಪಿದ ಭಾರತದ ಚಿತ್ರಗಳು ಮೂರು: 1957ರ ‘ಮದರ್ ಇಂಡಿಯಾ’, 1988ರ ‘ಸಲಾಮ್ ಬಾಂಬೆ’, 2001ರ ‘ಲಗಾನ್’. ಇವುಗಳಲ್ಲಿ ಮೊದಲನೆಯದೂ ಕೊನೆಯದೂ ದೇಶದ ಮೂಲೆ ಮೂಲೆಗಳಲ್ಲಿ ಜನ ಮೆಚ್ಚಿ ನೋಡಿದವು. ಹಾಡು, ಕಣ್ಣೀರು, ಸಾಹಸ ಎಲ್ಲವೂ ತುಂಬಿದವು. ‘ಜನ ಮರುಳೋ ಜಾತ್ರೆ ಮರುಳೋ’ ಎಂದು ಮೂಗು ಮುರಿಯುವವರಿಗೆ ಈ ಲೆಕ್ಕ ಅಷ್ಟೊಂದು ಅನುಕೂಲವಾದುದಲ್ಲ. ಕೊರಿಯದ ‘ಪ್ಯಾರಸೈಟ್’ 2020ರ ಸಮಾರಂಭದಲ್ಲಿ ಅತ್ಯುತ್ತಮ ಚಿತ್ರವೆನಿಸಿ, ಇಂಗ್ಲಿಷೇತರ ಭಾಷೆಯ ಮೊದಲ ವಿಜೇತವಾಯಿತು. ಅದು ಯಾವುದೋ ಮೂಲೆಯ ಕಲಾಚಿತ್ರವೆಂದು ಅನೇಕರು ಭಾವಿಸಿದರು. ತನ್ನ ನಾಡಿನಲ್ಲಿ ಒಂದು ಕೋಟಿಗೂ ಹೆಚ್ಚು ಟಿಕೆಟುಗಳು ಮಾರಾಟವಾದ ಚಿತ್ರ ಅದು.

ಜನಮೆಚ್ಚುಗೆಯೇ ಅರ್ಹತೆಯೆಂದು ವಾದಿಸುವವರೂ, ಅದೇ ಅನರ್ಹತೆಯೆಂದು ಶಂಕಿಸುವವರೂ ಒಂದು ವಿಷಯದಲ್ಲಿ ಒಂದೇ ತಪ್ಪು ಮಾಡುತ್ತಾರೆ. ಇಬ್ಬರೂ ಟಿಕೆಟುಗಳ ಲೆಕ್ಕ ನೋಡುತ್ತಾರೆ, ತೆರೆಯನ್ನು ನೋಡುವುದಿಲ್ಲ. 2023ರ ಜುಲೈ 21ರಂದು ಒಂದೇ ದಿನ ತೆರೆಕಂಡ ‘ಬಾರ್ಬಿ’, ‘ಆಪನ್‌ಹೈಮರ್’ ಎರಡೂ ಅಪಾರ ಹಣ ಗಳಿಸಿದುವು. ಎರಡೂ ಅತ್ಯುತ್ತಮ ಚಿತ್ರದ ಕಣ ಸೇರಿದುವು. ಪರಮಾಣು ಬಾಂಬಿನ ಜನಕನನ್ನು ಕುರಿತ ಎರಡನೆಯದಕ್ಕೆ 7 ಪ್ರಶಸ್ತಿಗಳು ಬಂದುವು. ಗೊಂಬೆಯ ಕಥೆಯ ನೆಪದಲ್ಲಿ ಹೆಣ್ಣಿನ ಸ್ಥಿತಿಯನ್ನು ಚರ್ಚಿಸಿದ ಮೊದಲನೆಯದು ಆ ವರ್ಷ ಲೋಕದಲ್ಲೇ ಅತ್ಯಧಿಕ ಹಣ ಗಳಿಸಿದ ಚಿತ್ರ. ಅದರ ನಿರ್ದೇಶಕಿ ಗ್ರೆಟಾ ಗರ್ವಿಗ್ ಹೆಸರು ನಿರ್ದೇಶಕರ ಪಟ್ಟಿಯಲ್ಲಿ ಸೇರಲಿಲ್ಲ. ‘ಜಾಸ್’ ಕಾಲದ ಅಭ್ಯಾಸ ಪೂರ್ತಿಯಾಗಿ ಬಿಟ್ಟುಹೋಗಿಲ್ಲ.

ಮತ ಹಾಕುವವರು ಚಿತ್ರಗಳನ್ನು ನಿಜವಾಗಿ ನೋಡುತ್ತಾರೆಯೆ ಎಂಬ ಪ್ರಶ್ನೆ ಈಚೆಗೆ ಮುಂದೆ ಬಂದಿದೆ. ಒಂದು ವಿಭಾಗದಲ್ಲಿ ಅಂತಿಮ ಮತ ನೀಡಬೇಕಾದರೆ ಅಲ್ಲಿ ಹೆಸರಿಸಲ್ಪಟ್ಟ ಎಲ್ಲ ಚಿತ್ರಗಳನ್ನೂ ಸದಸ್ಯರು ನೋಡಿರಲೇಬೇಕೆಂಬ ನಿಯಮವನ್ನು ಅಕಾಡೆಮಿ 2025ರ ಏಪ್ರಿಲ್ ತಿಂಗಳಲ್ಲಿ ಪ್ರಕಟಿಸಿತು. ಸುಮಾರು ಒಂದು ಶತಮಾನದ ಮೇಲೆ ಇಂಥ ನಿಯಮ ಬೇಕಾಯಿತೆಂಬುದೇ ಸೋಜಿಗ. ನಾಮನಿರ್ದೇಶನದ ಮೊದಲ ಸುತ್ತಿಗೆ ಈ ಕಟ್ಟು ಇಲ್ಲ. ವರ್ಷವೊಂದರಲ್ಲಿ ಅತ್ಯುತ್ತಮ ಚಿತ್ರದ ಕಣಕ್ಕೆ ಅರ್ಹವಾಗುವ ಚಿತ್ರಗಳು ಇನ್ನೂರಕ್ಕೂ ಮಿಗಿಲು. ಅವೆಲ್ಲವನ್ನೂ ನೋಡುವುದು ಯಾರಿಗೂ ಸಾಧ್ಯವಿಲ್ಲದ ಕೆಲಸ. ಅವುಗಳಲ್ಲಿ ಯಾವುದನ್ನು ನೋಡುವುದು, ಯಾವುದನ್ನು ಬಿಡುವುದು ಎಂಬುದನ್ನು ಪ್ರತಿಯೊಬ್ಬ ಸದಸ್ಯನೂ ತನ್ನ ಮನೆಯಲ್ಲಿ ಕುಳಿತು ತಾನೇ ತೀರ್ಮಾನಿಸುತ್ತಾನೆ.